ನೀಟಾದ ಪುಟ

ಆಸ್ಪತ್ರೆಯ ಲಿಫ್ಟಿಗೆ ಕಾಯುತ್ತಿದ್ದೆ. ನನ್ನ ಮುಂದೆ, ಆಸ್ಪತ್ರೆಯ ವೆಬ್‌ಸೈಟ್ ನೋಡಿಕೊಳ್ಳುವ ಹುಡುಗಿ ಮತ್ತು ಅವಳ ಮೇಲಧಿಕಾರಿ.

"ಆಂಬುಲೆನ್ಸ್ ನಂಬರ್ ಒಂದೇ ಫೈಲಲ್ಲಿದೆ ಸರ್. ಸರ್ವರ್ ತಾನೇ ಅದನ್ನ ವೆಬ್‌ಸೈಟಿನ ಎಲ್ಲ ಪುಟಕ್ಕೂ ಸೇರಿಸ್ಬೇಕು. ಹೊಸ ಸರ್ವರಲ್ಲಿ ಆ ಸೆಟ್ಟಿಂಗ್ ಆನ್ ಮಾಡಿಲ್ಲ. ನಂಬರ್ ಜಾಗ ಖಾಲಿ, ಎರರೂ ತೋರಿಸಲ್ಲ."

"ಯಾರೂ ಕಂಪ್ಲೇಂಟ್ ಮಾಡಿಲ್ವಲ್ಲಮ್ಮ."

"ಯಾವ ನಂಬರಿಗೆ ಮಾಡ್ತಾರೆ?"

"ಪುಟ ಈಗ ನೀಟಾಗಿದೆ ಅಂತ ಡೈರೆಕ್ಟರು ಹೊಗಳಿದಾರೆ. ಕೈ ಹಾಕ್ಬೇಡ."

"ಸೆಟ್ಟಿಂಗಲ್ಲಿ ಎರಡು ಸಾಲು ಬರೆದ್ರೆ ಸಾಕು ಸರ್."

"ಮುಂದಿನ ತಿಂಗಳು ನೋಡೋಣ."

"ಮೊನ್ನೆ ನಿಮ್ಮ ಮಾವನಿಗೆ ಎದೆನೋವು ಬಂದಾಗ ನಂಬರ್ ಎಲ್ಲಿ ಹುಡುಕಿದ್ರಿ?"

"ನಾನ್ಯಾಕೆ ಹುಡುಕ್ಲಿ? ಆಂಬುಲೆನ್ಸ್ ಡ್ರೈವರ್ ಪರಿಚಯದವನೇ."

ಲಿಫ್ಟ್ ಬಂತು. ಅವನು ಒಳಗೆ ಹೋಗಿ ಬಾಗಿಲು ಹಿಡಿದ.

"ಬರಲ್ವಾ?"

"ನೀವು ಹೋಗಿ ಸರ್. ನಿಮ್ಮ ಪಕ್ಕ ನಿಲ್ಲೋಕೆ ಹೇಸಿಗೆ ಆಗ್ತಿದೆ."

ಅವಳು ಮೆಟ್ಟಿಲು ಹತ್ತಿದಳು.