ಒಣ ಬ್ಯಾಂಡೇಜು

ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯ ಬಾಗಿಲಲ್ಲಿ ನರ್ಸಿಗೂ ಅವಳ ತಾಯಿಗೂ ಜಟಾಪಟಿ ನಡೆದಿತ್ತು. ಕಿವಿ ಮುಚ್ಚಿಕೊಳ್ಳೋಣವೆಂದರೆ, ಸರದಿ ಕಾಯುತ್ತಿದ್ದ ಗಾರೆಯವನ ಒಂದು ಕೈಗೆ ಬ್ಯಾಂಡೇಜು.

"ನಿನ್ನ ತಮ್ಮನ್ನ ಕೊಂದವನ ಗಾಯ ನೀನೇ ತೊಳೀತೀಯಾ?"

"ಪೊಲೀಸರು ಇಲ್ಲಿಗೇ ಕರ್ಕೊಂಡು ಬರ್ತಾರಮ್ಮ. ಶಿಕ್ಷೆ ಕೋರ್ಟು ಕೊಡುತ್ತೆ."

"ಅಷ್ಟರಲ್ಲಿ ನಾನು ಮಣ್ಣಾಗಿರ್ತೀನಿ."

ನರ್ಸ್ ದನಿ ತಗ್ಗಿಸಿದಳು. "ಇವತ್ತು ನೆನೆಸದೆ, ಒಣ ಬ್ಯಾಂಡೇಜನ್ನೇ ಕಿತ್ತೆ. ಚರ್ಮಾನೂ ಜೊತೆಗೆ ಬಂತು. ಚೀರಿದ."

"ಚೀರಲಿ! ಹೊಟ್ಟೆ ತಣ್ಣಗಾಯ್ತು."

"ಆಮೇಲೆ, ಅಭ್ಯಾಸ ನೋಡು, 'ನೋವಾಯ್ತಾ?' ಅಂತ ಕೇಳ್ಬಿಟ್ಟೆ."

"ಅವನನ್ನ? ಏನಂದ?"

"'ಇಲ್ಲ ಅಕ್ಕಾ' ಅಂದ."

"ಅಕ್ಕಾ ಅನ್ನಬೇಕಾದವನನ್ನ ಮಣ್ಣು ಮಾಡಿ, ಈಗ ಇವನು ಕರೀತಾನಾ?"

ತಾಯಿ ತಿರುಗಿಯೂ ನೋಡದೆ ಹೊರಟಳು. ನರ್ಸ್ ಗಾರೆಯವನನ್ನು ಒಳಗೆ ಕರೆದು, ಬ್ಯಾಂಡೇಜನ್ನು ಚೆನ್ನಾಗಿ ನೆನೆಸಿ, ಮೆಲ್ಲಗೆ ಬಿಚ್ಚಿದಳು. ನೋವಾಯಿತೇ ಎಂದು ಮಾತ್ರ ಕೇಳಲಿಲ್ಲ.