ನಿಂತುಹೋದ ಇನ್ಸುಲಿನ್ ಪೆನ್ನು

ಪೆರಂಬೂರಿನ ಸಕ್ಕರೆ ಕಾಯಿಲೆ ಡಾಕ್ಟರ ಹೊರಗೋಣೆಯಲ್ಲಿ ಟೋಕನ್ ಹಿಡಿದು ಕೂತಿದ್ದೆ. ಪಕ್ಕದಲ್ಲಿದ್ದ ನಮ್ಮ ಬೀದಿಯ ವಳ್ಳಿಯಮ್ಮೈ, ಎದುರಿಗೆ ಟೈ ಕಟ್ಟಿ ಕೂತಿದ್ದ ಔಷಧಿ ಕಂಪನಿಯ ಮೆಡಿಕಲ್ ರೆಪ್‌ನನ್ನು ಮಾತಿಗೆಳೆದರು.

“ತಂಬಿ, ನಮ್ಮ ಮೊಮ್ಮಗಳ ಇನ್ಸುಲಿನ್ ಪೆನ್ನು ನಿಮ್ಮ ಕಂಪನೀದೇ ಅಲ್ವಾ? ಆರು ಅಂಗಡಿ ತಿರುಗಿದೆ, ಎಲ್ಲೂ ಇಲ್ಲ.”

“ಅದನ್ನ ಮಾಡೋದು ನಿಲ್ಲಿಸಿದೀವಮ್ಮ. ಬಾಟ್ಲಿ ಸಿಗುತ್ತೆ, ಮದ್ದು ಅದೇ. ಸಿರಿಂಜಲ್ಲಿ ಎಳ್ಕೊಂಡು ಚುಚ್ಚಿದ್ರಾಯ್ತು.”

“ಹನ್ನೊಂದು ವರ್ಷದ ಹುಡುಗಿ ಕಣಪ್ಪಾ! ಪೆನ್ನಿದ್ದಾಗ ಅಳತೆ ತಿರುಗಿಸಿ ಕ್ಲಾಸಲ್ಲೇ ಚುಚ್ಕೊಂಡು, ಎಲ್ಲರ ಜೊತೆ ಮೊಸರನ್ನ ತಿಂತಿದ್ಲು. ನಿನ್ನೆ ಸಿರಿಂಜಲ್ಲಿ ಅಳತೆ ತಪ್ಪಿ ಜಾಸ್ತಿ ಹೋಯ್ತು, ಸಕ್ಕರೆ ಇಳಿದು ಪ್ರಜ್ಞೆ ತಪ್ಪಿ ಬೆಂಚಿನ ಮೇಲೇ ಬಿದ್ಲು.”

“ಅಯ್ಯೋ! ಈಗ ಹೇಗಿದಾಳೆ?”

“ಎದ್ದಿದಾಳೆ. ಸೂಜಿ ಕಂಡ್ರೆ ನಡುಗ್ತಾಳೆ. ಯಾಕಪ್ಪಾ ನಿಲ್ಲಿಸಿದ್ರಿ?”

“ಆ ಮಿಷನ್ನೆಲ್ಲ ಈಗ ತೂಕ ಇಳಿಸೋ ಇಂಜೆಕ್ಷನ್ ಪೆನ್ನು ಮಾಡ್ತಿವೆ. ಅದಕ್ಕೇ ಬೇಡಿಕೆ ಜಾಸ್ತಿ. ನಾನು ಬರೀ ಬ್ಯಾಗ್ ಹೊರೋನಮ್ಮ.”

“ಓಹೋ! ಸಣ್ಣ ಆಗೋರಿಗೆ ಪೆನ್ನು, ಬದುಕಬೇಕಾದ ಮಗೂಗೆ ಬಾಟ್ಲಿ!”

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು ಕರೆದಳು. ಎಂದಿನಂತೆ ರೆಪ್‌ಗೇ ಮೊದಲ ಸರದಿ.

“ಬರ್ತೀನಮ್ಮ.”

“ಒಬ್ಬನೇ ಯಾಕೆ? ನಡಿ. ನಿನ್ನ ಹೊಸ ಪೆನ್ನಿನ ವರ್ಣನೆ ನಾನೂ ಕೇಳ್ತೀನಿ. ಆಮೇಲೆ ನಮ್ಮ ಹುಡುಗಿ ಯಾಕೆ ಬಿದ್ಲು ಅಂತ ಡಾಕ್ಟ್ರಿಗೆ ನೀನೇ ಹೇಳು.”

ವಳ್ಳಿಯಮ್ಮೈ ಅವನ ಬ್ಯಾಗಿನ ಪಟ್ಟಿ ಹಿಡಿದುಕೊಂಡೇ ಒಳಗೆ ಹೋದರು.