ಅಪ್ಪನ ಅಂಗೈ

ನೋಯ್ಡಾದ ಔಷಧಿ ಅಂಗಡಿಯಲ್ಲಿ ನನ್ನ ಮುಂದಿದ್ದ ಗಂಡ ಹೆಂಡತಿ ಕನ್ನಡದಲ್ಲಿ ವಾದಿಸುತ್ತಿದ್ದರು. ಇಲ್ಲಿ ಯಾರಿಗೂ ತಿಳಿಯದು ಎಂಬ ಧೈರ್ಯ.

"ಗಾಜಿಂದು ಬೇಡ ರೀ, ಮಗು ಒದ್ದಾಡಿದ್ರೆ ಒಡೆದುಹೋಗುತ್ತೆ. ಡಿಜಿಟಲ್ ಥರ್ಮಾಮೀಟರ್ ತಗೊಳ್ಳಿ."

"ಯಾವುದೂ ಯಾಕೆ ಸುಚೇತಾ? ಬೆಳಗ್ಗೆಯಿಂದ ಹತ್ತು ಸಲ ಮುಟ್ಟಿ ನೋಡಿದೀನಿ. ಪಾಪುಗೆ ಜ್ವರ ಇಲ್ಲ."

"ನಾನು ಸುಡ್ತಿದೆ ಅಂತೀನಿ, ನೀವು ತಣ್ಣಗಿದೆ ಅಂತೀರಿ. ಮನೇಲಿ ಮಗು ಎತ್ಕೊಂಡು ಕೂತಿರೋ ಅಮ್ಮ ಯಾರ ಮಾತು ನಂಬಬೇಕು?"

"ಅಚ್ಛಾ. ಭಯ್ಯಾ, ಡಿಜಿಟಲ್ ದಿಖಾವೋ."

ಅಂಗಡಿಯವನು ತೋರಿಸಿದ್ದನ್ನು ಪರೀಕ್ಷಿಸಲೆಂದು ಗಂಡ ಅಲ್ಲೇ ತನ್ನ ಕಂಕುಳಲ್ಲಿ ಇಟ್ಟುಕೊಂಡ. ಅದು ಕೂಗುವವರೆಗೂ ಕಾಲು ಬದಲಿಸುತ್ತಲೇ ಇದ್ದ.

"ನೂರಾ ಎರಡಂತೆ. ಕೆಟ್ಟಿರೋದನ್ನ ಕೊಟ್ಟಿದಾನೆ. ಭಯ್ಯಾ, ದೂಸ್ರಾ."

ಎರಡನೆಯದೂ ನೂರಾ ಎರಡನ್ನೇ ತೋರಿಸಿತು. ಅವಳು ಅವನ ಕತ್ತು ಮುಟ್ಟಿದಳು.

"ರೀ, ನೀವು ಕೆಂಡದ ಹಾಗಿದೀರಿ."

"ಬಿಸಿಲಲ್ಲಿ ಬಂದ್ವಲ್ಲ."

"ಇಷ್ಟು ಸುಡೋ ಕೈಗೆ ಮಗು ತಣ್ಣಗಿದೆ ಅಂತಲೇ ಅನ್ಸೋದು."

ಅವನು ಅಂಗೈಯನ್ನೊಮ್ಮೆ ನೋಡಿಕೊಂಡ. ಥರ್ಮಾಮೀಟರನ್ನು ಅವಳಿಗೆ ಕೊಟ್ಟ.

"ಚಲೋ, ಹೋಗೋಣ. ಇನ್ನು ನೀನೇ ನೋಡು."

ದುಡ್ಡಿಟ್ಟು, ಬಿಲ್ಲಿಗೂ ಕಾಯದೆ ಇಬ್ಬರೂ ಆಟೋ ಕಡೆಗೆ ಓಡಿದರು.